ಎಲ್ಲರಿಗೂ ಒಂದೇ ವೈ-ಫೈ ಪಾಸ್‌ವರ್ಡ್ ಬೇಡ: ಕಾಲೇಜಿಗೊಂದು ರೇಡಿಯಸ್ ಸರ್ವರ್

ಕಾಲೇಜಿನ ವೈ-ಫೈ ಪಾಸ್‌ವರ್ಡ್ ಗುಟ್ಟಾಗಿ ಉಳಿಯುವುದು ಮೊದಲ ಕೆಲವು ದಿನ ಮಾತ್ರ. ಆಮೇಲೆ ಅದು ಹಾಸ್ಟೆಲ್ಲಿಗೆ, ಕ್ಯಾಂಟೀನಿಗೆ, ಗೇಟಿನಾಚೆಯ ಜೆರಾಕ್ಸ್ ಅಂಗಡಿಗೆ ತಲುಪಿರುತ್ತದೆ. ಬದಲಿಸಬೇಕೆಂದರೆ ಕಚೇರಿಯ ಪ್ರಿಂಟರಿನಿಂದ ಹಿಡಿದು ಪ್ರಾಂಶುಪಾಲರ ಫೋನಿನವರೆಗೆ ಎಲ್ಲವನ್ನೂ ಮತ್ತೆ ಜೋಡಿಸಬೇಕು. ಹಾಗಾಗಿ ಯಾರೂ ಬದಲಿಸುವುದಿಲ್ಲ. ಆ ಜಾಲದಿಂದ ಯಾರೋ ಬೆದರಿಕೆಯ ಮೇಲ್ ಕಳಿಸಿ ಪೊಲೀಸರು ವಿಚಾರಿಸಲು ಬಂದರೆ, ಇಂಥವರೇ ಕಳಿಸಿದ್ದು ಎಂದು ತೋರಿಸಲು ಸಂಸ್ಥೆಯ ಬಳಿ ಒಂದು ಚೂರೂ ದಾಖಲೆ ಇರುವುದಿಲ್ಲ.

ಕೆಲವರು ಪ್ರತಿ ಫೋನಿನ ಮ್ಯಾಕ್ ವಿಳಾಸ ಬರೆದಿಟ್ಟುಕೊಂಡು ಅಷ್ಟಕ್ಕೇ ಪ್ರವೇಶ ಕೊಡುತ್ತಾರೆ. ಆ ದಾರಿ ಈಗ ಮುಚ್ಚಿದೆ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದೀಚೆಗೆ ಫೋನುಗಳು ವೈ-ಫೈಗೆ ತಮ್ಮ ನಿಜವಾದ ಮ್ಯಾಕ್ ವಿಳಾಸದ ಬದಲು ಸುಮ್ಮನೆ ಸೃಷ್ಟಿಸಿದ ವಿಳಾಸ ತೋರಿಸುತ್ತವೆ.

ಸರಿಯಾದ ಪರಿಹಾರ ಹಳೆಯದು, ಉಚಿತವಾಗಿ ಸಿಗುವಂಥದ್ದು. ರೇಡಿಯಸ್ ಎಂಬ ಈ ಪದ್ಧತಿಯನ್ನು ಲಿವಿಂಗ್‌ಸ್ಟನ್ ಎಂಟರ್‌ಪ್ರೈಸಸ್ ಕಂಪನಿ 1991ರಲ್ಲಿ, ಡಯಲ್-ಅಪ್ ಕಾಲದಲ್ಲಿ ರೂಪಿಸಿತು. ಅದರ ಮುಕ್ತ ತಂತ್ರಾಂಶ ಫ್ರೀರೇಡಿಯಸ್ 1999ರಲ್ಲಿ ಶುರುವಾಯಿತು. ನಿಮ್ಮ ಫೋನು ಆ್ಯಕ್ಸೆಸ್ ಪಾಯಿಂಟಿನ ಮುಂದೆ ಹೆಸರು ಹೇಳುತ್ತದೆ. ಆ್ಯಕ್ಸೆಸ್ ಪಾಯಿಂಟ್ ತಾನು ತೀರ್ಮಾನಿಸದೆ ರೇಡಿಯಸ್ ಸರ್ವರನ್ನು ಕೇಳುತ್ತದೆ. ಸರ್ವರ್ ‘ಬಿಡು’ ಅಥವಾ ‘ಬೇಡ’ ಎನ್ನುತ್ತದೆ. ಪ್ರತಿಯೊಬ್ಬರಿಗೂ ಅವರದೇ ಹೆಸರು, ಅವರದೇ ಪಾಸ್‌ವರ್ಡ್. ಒಬ್ಬರನ್ನು ತೆಗೆದರೆ ಉಳಿದವರಿಗೆ ತೊಂದರೆಯಿಲ್ಲ.

ಅಳವಡಿಕೆ

ದೊಡ್ಡ ಯಂತ್ರ ಬೇಕಾಗಿಲ್ಲ. ಸಾವಿರಾರು ವಿದ್ಯಾರ್ಥಿಗಳಿರುವ ಕಾಲೇಜಿಗೂ 4 ಜಿಬಿ ರ‍್ಯಾಮ್ ಇರುವ ಸಾಧಾರಣ ಕಂಪ್ಯೂಟರ್ ಸಾಲುತ್ತದೆ. ಆದರೆ ಯುಪಿಎಸ್ ಇರಲೇಬೇಕು, ಐಪಿ ವಿಳಾಸ ಬದಲಾಗದಂತಿರಬೇಕು. ಉಬುಂಟು ಅಥವಾ ಡೆಬಿಯನ್ ಹಾಕಿ, ‘ಎಪಿಟಿ’ ಆದೇಶದಿಂದ ಫ್ರೀರೇಡಿಯಸ್ ಮತ್ತು ಫ್ರೀರೇಡಿಯಸ್-ಯುಟಿಲ್ಸ್ ಎಂಬ ಎರಡು ಪ್ಯಾಕೇಜುಗಳನ್ನು ಅಳವಡಿಸಿ. ಸಂರಚನೆಯ ಕಡತಗಳೆಲ್ಲ ‘ಇಟಿಸಿ’ಯೊಳಗಿನ ಫ್ರೀರೇಡಿಯಸ್ ಫೋಲ್ಡರಿನಲ್ಲಿ, 3.0 ಎಂಬ ಉಪಫೋಲ್ಡರಿನಲ್ಲಿ ಇರುತ್ತವೆ. ಏನನ್ನೂ ಮುಟ್ಟುವ ಮೊದಲು ಆ ಫೋಲ್ಡರಿನ ಪೂರ್ತಿ ಪ್ರತಿ ತೆಗೆದಿಡಿ.

ಫ್ರೀರೇಡಿಯಸ್ ಜೊತೆ ಬರುವ ಸಂರಚನೆ ಬಹುಪಾಲು ಸರಿಯಾಗಿಯೇ ಇರುತ್ತದೆ. ಅರ್ಥವಾಗದ ಸಾಲುಗಳನ್ನು ಅಳಿಸುತ್ತಾ ಹೋಗುವುದೇ ಇಲ್ಲಿ ಹೊಸಬರು ಮಾಡುವ ದೊಡ್ಡ ಅನಾಹುತ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪರೀಕ್ಷಿಸಿ, ಮುಂದಕ್ಕೆ ಹೋಗಿ. ಪರೀಕ್ಷೆಗೆ ಸೇವೆಯನ್ನು ನಿಲ್ಲಿಸಿ, ಫ್ರೀರೇಡಿಯಸ್ ಆದೇಶಕ್ಕೆ ಅಡ್ಡಗೆರೆ ಮತ್ತು ದೊಡ್ಡ ಎಕ್ಸ್ ಅಕ್ಷರ ಸೇರಿಸಿ ಓಡಿಸಿ. ಸರ್ವರ್ ತನ್ನ ಪ್ರತಿ ಹೆಜ್ಜೆಯನ್ನೂ ಪರದೆಯ ಮೇಲೆ ಬರೆಯುತ್ತದೆ. ಉದ್ದಕ್ಕೆ ಹರಿಯುವ ಆ ಸಾಲುಗಳನ್ನು ನೋಡಿ ಗಾಬರಿಯಾಗಬೇಡಿ. ತೊಂದರೆ ಎಲ್ಲಿದೆಯೆಂದು ಅವೇ ಹೇಳುತ್ತವೆ. ಬೇರೆಯವರ ನೆರವು ಕೇಳುವ ಮುನ್ನ ಅವುಗಳನ್ನು ಮೇಲಿನಿಂದ ಕೆಳಗಿನವರೆಗೆ ಓದುವುದು ರೂಢಿಯಾಗಲಿ.

‘ಯೂಸರ್ಸ್’ ಕಡತದಲ್ಲಿ ಒಬ್ಬ ಪರೀಕ್ಷಾ ಬಳಕೆದಾರನ ಹೆಸರು, ಪಾಸ್‌ವರ್ಡ್ ಬರೆದು, ಅದೇ ಯಂತ್ರದಿಂದ ‘ರೇಡ್‌ಟೆಸ್ಟ್’ ಓಡಿಸಿ. ‘ಆ್ಯಕ್ಸೆಸ್-ಆ್ಯಕ್ಸೆಪ್ಟ್’ ಎಂಬ ಉತ್ತರ ಬಂದರೆ ಅಡಿಪಾಯ ಸರಿಯಿದೆ.

ಆ್ಯಕ್ಸೆಸ್ ಪಾಯಿಂಟುಗಳ ಪರಿಚಯ

ಯಾವ ಸಾಧನ ಪ್ರಶ್ನೆ ಕೇಳಬಹುದು ಎಂಬುದನ್ನು ‘ಕ್ಲೈಂಟ್ಸ್’ ಕಡತದಲ್ಲಿ ಬರೆಯಬೇಕು. ಪ್ರತಿ ಆ್ಯಕ್ಸೆಸ್ ಪಾಯಿಂಟಿಗೂ ಅದರ ಐಪಿ ವಿಳಾಸ, ಅದಕ್ಕೇ ಮೀಸಲಾದ ಒಂದು ಗುಪ್ತಪದ ಬೇಕು. ಕಾಲೇಜಿನ ಹೆಸರು, ಸ್ಥಾಪನೆಯಾದ ವರ್ಷ ಇಂಥವು ಬೇಡ. ಯಂತ್ರವೇ ಯದ್ವಾತದ್ವಾ ಹುಟ್ಟಿಸಿದ 32 ಅಕ್ಷರಗಳಿರಲಿ. ಪ್ಯಾಕೇಜಿನ ಜೊತೆ ಬರುವ ‘ಟೆಸ್ಟಿಂಗ್123’ ಜಗತ್ತಿಗೆಲ್ಲ ಗೊತ್ತಿರುವ ಗುಪ್ತಪದ. ಅದನ್ನು ಪರೀಕ್ಷೆ ಮುಗಿದ ಕೂಡಲೇ ಬದಲಿಸಿ. ಫೈರ್‌ವಾಲಿನಲ್ಲಿ ಯುಡಿಪಿ 1812 ಮತ್ತು 1813 ಪೋರ್ಟುಗಳನ್ನು ಈ ಸಾಧನಗಳಿಗೆ ಮಾತ್ರ ತೆರೆಯಿರಿ. ಮೊದಲನೆಯದು ದೃಢೀಕರಣಕ್ಕೆ, ಎರಡನೆಯದು ಬಳಕೆಯ ಲೆಕ್ಕಕ್ಕೆ.

‘ಕ್ಲೈಂಟ್ಸ್’ ಕಡತದಲ್ಲೇ ‘ಮೆಸೇಜ್ ಅಥೆಂಟಿಕೇಟರ್ ಕಡ್ಡಾಯ’ ಎಂಬ ಆಯ್ಕೆಯನ್ನೂ ಚಾಲೂ ಮಾಡಿ. 2024ರ ಜುಲೈನಲ್ಲಿ ‘ಬ್ಲಾಸ್ಟ್-ರೇಡಿಯಸ್’ ಎಂಬ ದೋಷ ಬಯಲಾಯಿತು. ರೇಡಿಯಸ್ ನೆಚ್ಚಿಕೊಂಡಿರುವ ಎಂಡಿ5 ಲೆಕ್ಕಾಚಾರದ ದೌರ್ಬಲ್ಯ ಬಳಸಿ, ನಡುವೆ ಕುಳಿತವರು ಸರ್ವರಿನ ‘ಬೇಡ’ವನ್ನು ‘ಬಿಡು’ ಎಂದು ತಿದ್ದಬಹುದು ಎಂದು ಸಂಶೋಧಕರು ತೋರಿಸಿದರು. ವೈ-ಫೈ ಬಳಸುವ ಇಎಪಿ ಪದ್ಧತಿ ಇದರಿಂದ ಪಾರಾಯಿತು. ಆದರೆ ಅದೇ ಸರ್ವರಿನಿಂದ ಸ್ವಿಚ್ಚುಗಳ ಅಥವಾ ವಿಪಿಎನ್‌ನ ಲಾಗಿನ್ ಕೂಡ ನಡೆಸುತ್ತಿದ್ದರೆ ಆ ದೋಷ ನಿಮಗೂ ತಟ್ಟುತ್ತದೆ.

ಆ್ಯಕ್ಸೆಸ್ ಪಾಯಿಂಟಿನ ಕಡೆ ಕೆಲಸ ಕಡಿಮೆ. ‘ಡಬ್ಲ್ಯುಪಿಎ2-ಎಂಟರ್‌ಪ್ರೈಸ್’ ಅಥವಾ ‘ಡಬ್ಲ್ಯುಪಿಎ3-ಎಂಟರ್‌ಪ್ರೈಸ್’ ಆರಿಸಿ, ಸರ್ವರಿನ ವಿಳಾಸ, ಪೋರ್ಟು, ಗುಪ್ತಪದ ತುಂಬಿದರೆ ಮುಗಿಯಿತು.

ಪ್ರಮಾಣಪತ್ರ: ಬಿಡಲೇಬಾರದ ಹೆಜ್ಜೆ

ಬಹಳ ಕಡೆ ಕೆಡುವುದು ಇಲ್ಲಿಯೇ. ಸರ್ವರ್ ಬಳಕೆದಾರನನ್ನು ಪರೀಕ್ಷಿಸುವಂತೆ, ಬಳಕೆದಾರನ ಫೋನೂ ಸರ್ವರನ್ನು ಪರೀಕ್ಷಿಸಬೇಕು. ಇಲ್ಲವಾದರೆ ಕಾಲೇಜಿನ ವೈ-ಫೈ ಹೆಸರನ್ನೇ ಇಟ್ಟುಕೊಂಡು ಯಾರಾದರೂ ಬಸ್ ನಿಲ್ದಾಣದಲ್ಲಿ ನಕಲಿ ಆ್ಯಕ್ಸೆಸ್ ಪಾಯಿಂಟ್ ಹಚ್ಚಿದರೆ ಸಾಕು, ಹಾದುಹೋಗುವ ಫೋನುಗಳು ತಾವಾಗಿಯೇ ಅದಕ್ಕೆ ತಮ್ಮ ಗುರುತು ಒಪ್ಪಿಸುತ್ತವೆ. ಫೋನಿನಲ್ಲಿ ‘ಪರಿಶೀಲಿಸಬೇಡ’ ಆರಿಸಿಕೊಳ್ಳಿ ಎಂದು ವಿದ್ಯಾರ್ಥಿಗಳಿಗೆ ಹೇಳಿಕೊಡುವ ಸೂಚನಾಪತ್ರಗಳು ಇನ್ನೂ ಚಲಾವಣೆಯಲ್ಲಿವೆ. ಅವು ಒಂದೇ ಪಾಸ್‌ವರ್ಡಿನ ಜಾಲಕ್ಕಿಂತ ಕೆಟ್ಟ ಸ್ಥಿತಿ ತರುತ್ತವೆ, ಏಕೆಂದರೆ ಈಗ ಕಳುವಾಗುವುದು ವ್ಯಕ್ತಿಯ ಸ್ವಂತ ಪಾಸ್‌ವರ್ಡ್.

‘ಸರ್ಟ್ಸ್’ ಫೋಲ್ಡರಿನಲ್ಲಿ ಸಿಎ (ಪ್ರಮಾಣಪತ್ರಗಳಿಗೆ ಸಹಿ ಹಾಕುವ ಪ್ರಾಧಿಕಾರ) ಮತ್ತು ಸರ್ವರ್ ಎಂಬ ಎರಡು ಸಂರಚನಾ ಕಡತಗಳಿವೆ. ಅವುಗಳಲ್ಲಿ ಸಂಸ್ಥೆಯ ಹೆಸರು, ಊರು, ಹೊಸ ಪಾಸ್‌ವರ್ಡ್ ತುಂಬಿ. ಅಲ್ಲಿ ಅವಧಿ 60 ದಿನವೆಂದು ಇರುತ್ತದೆ, ಅದು ಪರೀಕ್ಷೆಗಷ್ಟೇ. ಸಿಎ ಪ್ರಮಾಣಪತ್ರಕ್ಕೆ 10 ವರ್ಷ, ಸರ್ವರಿನದಕ್ಕೆ 1 ವರ್ಷ ಇಡುವುದು ನನ್ನ ಸಲಹೆ. ‘ಮೇಕ್’ ಆದೇಶದಿಂದ ಎರಡನ್ನೂ ತಯಾರಿಸಿ, ಇಎಪಿ ಕಡತದಲ್ಲಿ ಅವುಗಳ ದಾರಿ ಬರೆಯಿರಿ. ಅಲ್ಲೇ ಎಂಡಿ5 ಎಂದಿರುವ ಮೊದಲ ಆಯ್ಕೆಯನ್ನು ಟಿಟಿಎಲ್ಎಸ್ ಅಥವಾ ಪೀಪ್ ಎಂಬ ಇಎಪಿ ವಿಧಕ್ಕೆ ಬದಲಿಸಿ. ಸಿಎಯ ಖಾಸಗಿ ಕೀಲಿಯನ್ನು ಸರ್ವರಿನಲ್ಲಿ ಬಿಡದೆ ಪೆನ್‌ಡ್ರೈವಿಗೆ ಹಾಕಿ ಬೀರುವಿನಲ್ಲಿ ಬೀಗ ಹಾಕಿಡಿ. ಸಿಎಯ ಸಾರ್ವಜನಿಕ ಪ್ರಮಾಣಪತ್ರವನ್ನು ಮಾತ್ರ ವಿದ್ಯಾರ್ಥಿಗಳಿಗೆ ಕೊಡಿ. ಆಂಡ್ರಾಯ್ಡ್ ಫೋನಿನ ವೈ-ಫೈ ಸೆಟ್ಟಿಂಗಿನಲ್ಲಿ ಅದನ್ನು ಆರಿಸಿ, ‘ಡೊಮೇನ್’ ಜಾಗದಲ್ಲಿ ಸರ್ವರಿನ ಹೆಸರು ಬರೆಯಬೇಕು. ಎರಡೂ ಬೇಕು, ಒಂದು ಸಾಲದು.

ಪಾಸ್‌ವರ್ಡ್ ಸಂಗ್ರಹದ ಪ್ರಶ್ನೆಯೂ ಇಲ್ಲಿಯೇ ತೀರ್ಮಾನವಾಗುತ್ತದೆ. ಪೀಪ್ ಸಾಮಾನ್ಯವಾಗಿ ತನ್ನೊಳಗೆ ಎಂಎಸ್‌ಚಾಪ್ ಬಳಸುತ್ತದೆ. ಅದಕ್ಕೆ ಮರೆಮಾಚದ ಪಾಸ್‌ವರ್ಡ್ ಅಥವಾ ಬಹಳ ದುರ್ಬಲವಾದ ಎನ್‌ಟಿ ಹ್ಯಾಶ್ ಬೇಕು. ಟಿಟಿಎಲ್ಎಸ್ ಒಳಗೆ ಪ್ಯಾಪ್ ಬಳಸಿದರೆ ಗಟ್ಟಿ ಹ್ಯಾಶ್ ರೂಪದಲ್ಲೇ ಸಂಗ್ರಹಿಸಬಹುದು. ಹೊಸದಾಗಿ ಶುರುಮಾಡುವವರು ಟಿಟಿಎಲ್ಎಸ್ ಆರಿಸಿಕೊಳ್ಳುವುದೇ ಒಳ್ಳೆಯದು. ಆದರೆ ಅಲ್ಲಿ ಪ್ರಮಾಣಪತ್ರದ ಪರಿಶೀಲನೆ ತಪ್ಪಿಸಿದರೆ ಪಾಸ್‌ವರ್ಡ್ ಇದ್ದಹಾಗೇ ನಕಲಿ ಸರ್ವರಿನ ಕೈಸೇರುತ್ತದೆ, ನೆನಪಿರಲಿ.

ಹೆಸರುಗಳು, ದಾಖಲೆಗಳು

ಬಳಕೆದಾರರ ಹೆಸರನ್ನು ಮೊದಲ ದಿನದಿಂದಲೇ ಇಮೇಲ್ ರೂಪದಲ್ಲಿ, ಕಾಲೇಜಿನ ಡೊಮೇನ್ ಸಮೇತ ಇಡಿ. ವಿಶ್ವವಿದ್ಯಾಲಯಗಳ ನಡುವಿನ ‘ಎಡುರೋಮ್’ ಜಾಲವೂ ರೇಡಿಯಸ್ ಮೇಲೆಯೇ ನಿಂತಿದೆ. ಭಾರತದಲ್ಲಿ ಅದನ್ನು ಅರ್ನೆಟ್ ನಡೆಸುತ್ತದೆ. ಮುಂದೆ ಸೇರುವ ಮನಸ್ಸಾದರೆ, ಡೊಮೇನ್ ಇಲ್ಲದ ಹೆಸರುಗಳನ್ನು ಒಂದೊಂದಾಗಿ ತಿದ್ದುತ್ತಾ ಕೂರಬೇಕಾಗುತ್ತದೆ.

ಹತ್ತಾರು ಜನರಾದರೆ ‘ಯೂಸರ್ಸ್’ ಕಡತ ಸಾಕು. ನೂರು ದಾಟಿದರೆ ಮರಿಯಾಡಿಬಿಯಂಥ ದತ್ತಸಂಚಯ ಜೋಡಿಸಿ. ಬೇಕಾದ ಕೋಷ್ಟಕಗಳ ನಮೂನೆ ಫ್ರೀರೇಡಿಯಸ್ ಜೊತೆಗೇ ಬರುತ್ತದೆ. ಅಂತಿಮ ವರ್ಷದವರ ಖಾತೆ ತೆರೆಯುವಾಗಲೇ ‘ಎಕ್ಸ್‌ಪೈರೇಶನ್’ ಗುಣದಲ್ಲಿ ಕೊನೆಯ ದಿನಾಂಕ ಬರೆದುಬಿಡಿ. ನಡುವೆಯೇ ಕೆಲಸ ಬಿಟ್ಟ ಸಿಬ್ಬಂದಿಯ ಖಾತೆ ಮುಚ್ಚಿದರೂ ಆಗಲೇ ಒಳಗಿರುವ ಫೋನು ಹೊರಬೀಳುವುದಿಲ್ಲ. ಅದಕ್ಕೆ ‘ಸೆಶನ್-ಟೈಮ್‌ಔಟ್’ ಕೆಲವು ಗಂಟೆಗಳಿಗೆ ಇಟ್ಟರೆ ಫೋನು ಮತ್ತೆ ಗುರುತು ಹೇಳಬೇಕಾಗುತ್ತದೆ.

ಸರ್ವರಿನ ಬಳಕೆಯ ದಾಖಲೆಯನ್ನು 180 ದಿನ ದೇಶದೊಳಗೇ ಇಟ್ಟುಕೊಳ್ಳಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನ ಹೇಳುತ್ತದೆ. ಗಡಿಯಾರವನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕೆಂಬುದೂ ಅದರಲ್ಲಿದೆ. ಗಡಿಯಾರ ತಪ್ಪಿದ ದಾಖಲೆ ತನಿಖೆಗೆ ಉಪಯೋಗಕ್ಕೆ ಬಾರದು, ಪ್ರಮಾಣಪತ್ರದ ಪರಿಶೀಲನೆಯನ್ನೂ ಕೆಡಿಸುತ್ತದೆ. ಆದರೆ ದಾಖಲೆಯಲ್ಲಿ ಪಾಸ್‌ವರ್ಡುಗಳು ಮಾತ್ರ ಬೀಳಬಾರದು. ಯಾರು, ಯಾವಾಗ, ಯಾವ ಆ್ಯಕ್ಸೆಸ್ ಪಾಯಿಂಟಿನಿಂದ ಎಂಬಷ್ಟೇ ಸಾಕು. ವಿದ್ಯಾರ್ಥಿಗಳು ಎಲ್ಲಿ ಓಡಾಡಿದರೆಂದು ಕುತೂಹಲಕ್ಕೆ ಕೆದಕಲು ಅದನ್ನು ಯಾರಿಗೂ ತೆರೆದಿಡಬೇಡಿ.

ಎರಡನೇ ಸರ್ವರ್ ಐಚ್ಛಿಕವಲ್ಲ. ಇರುವ ಒಂದೇ ಸರ್ವರ್ ನಿಂತರೆ ಇಡೀ ಕಾಲೇಜಿನ ಹೊಸ ಸಂಪರ್ಕಗಳೆಲ್ಲ ನಿಲ್ಲುತ್ತವೆ. ಅದೇ ಸಂರಚನೆಯ ಇನ್ನೊಂದು ಯಂತ್ರವನ್ನು ಬೇರೆ ಕಟ್ಟಡದಲ್ಲಿಟ್ಟು, ಆ್ಯಕ್ಸೆಸ್ ಪಾಯಿಂಟುಗಳಲ್ಲಿ ಎರಡನೇ ವಿಳಾಸವಾಗಿ ಬರೆಯಿರಿ. ರಜೆಯ ದಿನ ಮೊದಲನೆಯದನ್ನು ನಿಜವಾಗಿಯೂ ನಿಲ್ಲಿಸಿ ನೋಡಿ.

ಆರಂಭಕ್ಕೆ ಸಿಬ್ಬಂದಿ ಕೊಠಡಿಯ ಒಂದೇ ಆ್ಯಕ್ಸೆಸ್ ಪಾಯಿಂಟ್ ಸಾಕು. ಎಂಟರ್‌ಪ್ರೈಸ್ ಪದ್ಧತಿ ಬಾರದ ಪ್ರಿಂಟರ್, ಟಿವಿಗಳಿಗೆ ಇಂಟರ್‌ನೆಟ್ ಇಲ್ಲದ ಬೇರೆ ಜಾಲ ಕೊಡಿ. ಹಳೆಯ ವೈ-ಫೈ ಒಂದು ಸೆಮಿಸ್ಟರ್ ಜೊತೆಯಲ್ಲಿರಲಿ. ಅದು ನಿಲ್ಲುವ ದಿನಾಂಕವನ್ನು ನೋಟಿಸ್ ಬೋರ್ಡಿನಲ್ಲಿ ಮೊದಲೇ ಹಾಕಿ, ಆ ದಿನ ಯಾರು ಕೇಳಿಕೊಂಡರೂ ಮುಂದೂಡದೆ ನಿಲ್ಲಿಸಿ.