ಎರಡು ಹಳೆಯ ಗ್ರಾಫಿಕ್ಸ್ ಕಾರ್ಡುಗಳೋ, ಒಂದು ಹೊಸದೋ?

ಕಂಪ್ಯೂಟರಿನಲ್ಲಿ ಆಟವಾಡುವ ಹವ್ಯಾಸವುಳ್ಳ ವಿದ್ಯಾರ್ಥಿಗಳ ನಡುವೆ ಒಂದು ಲೆಕ್ಕಾಚಾರ ಆಗಾಗ ಕೇಳಿಬರುತ್ತದೆ. ಮನೆಯ ಯಂತ್ರದಲ್ಲಿ ಹಳೆಯದೊಂದು ಗ್ರಾಫಿಕ್ಸ್ ಕಾರ್ಡು ಈಗಾಗಲೇ ಇದೆ. ಅದೇ ಜಾತಿಯ ಇನ್ನೊಂದು ಕಾರ್ಡು, ಬೆಂಗಳೂರಿನ ಎಸ್. ಪಿ. ರಸ್ತೆಯಂತಹ ಪೇಟೆಯಲ್ಲಿ ಹುಡುಕಿದರೆ, ಬಳಸಿದ ಮಾಲಾಗಿ ಅಗ್ಗಕ್ಕೆ ದೊರೆತೀತು. ಹೊಸ ಕಾರ್ಡಿನ ಬೆಲೆಯಾದರೋ ಕೈಗೆಟುಕುವಂತಹುದಲ್ಲ. ಹೀಗಿರಲು ಹಳೆಯವೆರಡನ್ನು ಜೋಡಿಸಿದರೆ ಹೊಸದೊಂದರ ಬಲ ಬಾರದೆ? ಒಂದು ಎತ್ತು ಎಳೆಯಲಾರದ ಗಾಡಿಯನ್ನು ಜೋಡಿ ಎತ್ತುಗಳು ಎಳೆಯುವುದಿಲ್ಲವೆ? ಪ್ರಶ್ನೆ ಸಹಜವಾದುದು. ಕಾಸಿಗೆ ಕಾಸು ಕೂಡಿಸಿಟ್ಟ ವಿದ್ಯಾರ್ಥಿಗೆ ಅದು ಸಣ್ಣ ಪ್ರಶ್ನೆಯೂ ಅಲ್ಲ. ಬೇಡವೆಂಬುದೇ ನಮ್ಮ ಉತ್ತರ. ಆದರೆ ಏಕೆ ಬೇಡವೆಂಬುದನ್ನು ತಿಳಿಯಬೇಕಾದರೆ ಕಾರ್ಡು ಮಾಡುವ ಕೆಲಸವನ್ನು ಸ್ವಲ್ಪ ಒಳಹೊಕ್ಕು ನೋಡಬೇಕು.

ಪರದೆಯ ಮೇಲಿನ ಚಲನೆ ಸಿನಿಮಾದ ಚಲನೆಯಂತೆಯೇ ಕಣ್ಣಿನ ಭ್ರಮೆ. ನಿಶ್ಚಲವಾದ ಚಿತ್ರಗಳು ಒಂದಾದ ಮೇಲೊಂದು ಬರುತ್ತವೆ. ಇವುಗಳಲ್ಲಿ ಒಂದೊಂದಕ್ಕೂ ಫ್ರೇಮು ಎಂದು ಹೆಸರು. ಸಿನಿಮಾದ ಫ್ರೇಮುಗಳು ಮೊದಲೇ ಸಿದ್ಧವಾಗಿ ಸುರುಳಿಯಲ್ಲಿರುತ್ತವೆ. ಆಟದಲ್ಲಿ ಹಾಗಲ್ಲ, ಆಡುವವನು ಎತ್ತ ತಿರುಗುವನೆಂಬುದು ಯಾರಿಗೂ ತಿಳಿಯದಾದ್ದರಿಂದ ಪ್ರತಿಯೊಂದು ಫ್ರೇಮನ್ನೂ ಆಗಿಂದಾಗಲೇ ಬರೆಯಬೇಕು. ಸೆಕೆಂಡಿಗೆ ೬೦ ಫ್ರೇಮುಗಳು ಬೇಕೆಂದರೆ ಒಂದೊಂದಕ್ಕೆ ದೊರೆಯುವ ಕಾಲ ಸುಮಾರು ೧೬.೭ ಮಿಲಿಸೆಕೆಂಡು. ೧೯೨೦ × ೧೦೮೦ ಅಳತೆಯ ಪರದೆಯಲ್ಲಿ ಪಿಕ್ಸೆಲ್ ಎನ್ನುವ ಬಿಂದುಗಳು ೨೦,೭೩,೬೦೦ ಇವೆ. ಅಷ್ಟಕ್ಕೂ ಬಣ್ಣವನ್ನು ಆ ಅಲ್ಪಾವಧಿಯಲ್ಲಿ ನಿರ್ಧರಿಸಬೇಕಾಗುತ್ತದೆ.

ಈ ದುಡಿಮೆಯನ್ನು ಇಬ್ಬರಿಗೆ ಹಂಚುವ ಉಪಾಯ ಒಂದು ಕಾಲದಲ್ಲಿ ಚೆನ್ನಾಗಿಯೇ ಫಲಿಸಿತು. ೧೯೯೮ರಲ್ಲಿ ಅಮೆರಿಕದ ೩ಡಿಎಫ್‌ಎಕ್ಸ್ ಕಂಪನಿಯು 'ವೂಡೂ ೨' ಎಂಬ ಕಾರ್ಡನ್ನು ಹೊರತಂದಿತು. ಒಂದೇ ಕಾರ್ಡಿನಿಂದ ೮೦೦ × ೬೦೦ ಬಿಂದುಗಳ ಚಿತ್ರ ಸಾಧ್ಯವಾಗುತ್ತಿತ್ತು. ಎರಡನ್ನು ಜೋಡಿಸಿದರೆ ೧೦೨೪ × ೭೬೮ರ ಚಿತ್ರ ಬರುತ್ತಿತ್ತು. ಪರದೆಯ ಚಿತ್ರವೆಂದರೆ ಅಡ್ಡಗೆರೆಗಳ ರಾಶಿ. ಬೆಸಸಂಖ್ಯೆಯ ಗೆರೆಗಳನ್ನು ಒಂದು ಕಾರ್ಡು, ಸಮಸಂಖ್ಯೆಯ ಗೆರೆಗಳನ್ನು ಇನ್ನೊಂದು ಕಾರ್ಡು ಬರೆಯುತ್ತಿತ್ತು. ಸ್ಕ್ಯಾನ್ ಲೈನ್ ಇಂಟರ್‌ಲೀವ್ ಎಂಬ ಈ ಕ್ರಮವನ್ನು ಎಸ್‌ಎಲ್‌ಐ ಎಂದು ಚಿಕ್ಕದಾಗಿ ಕರೆದರು. ಅಕ್ಕಪಕ್ಕದ ಎರಡು ಗೆರೆಗಳ ಕಷ್ಟ ಹೆಚ್ಚುಕಡಿಮೆ ಒಂದೇ ಆದುದರಿಂದ ಪಾಲು ಸಮವಾಗಿ ಬೀಳುತ್ತಿತ್ತು. ಅದಕ್ಕಿಂತಲೂ ಮುಖ್ಯವಾದ ಸಂಗತಿಯೊಂದುಂಟು: ಅಂದಿನ ಆಟಗಳು ಪ್ರತಿ ಫ್ರೇಮನ್ನೂ ಹೊಸ ಹಲಗೆಯ ಮೇಲೆ ಬರೆದಂತೆ ಮೊದಲಿನಿಂದ ಬರೆಯುತ್ತಿದ್ದವು. ಹಿಂದಿನ ಚಿತ್ರವನ್ನಾಗಲಿ ಪಕ್ಕದ ಕಾರ್ಡನ್ನಾಗಲಿ ಕೇಳಬೇಕಾದ ಪ್ರಮೇಯವೇ ಇರಲಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇದರ ಸುತ್ತಲೇ ತಿರುಗುತ್ತದೆ.

೨೦೦೦ದ ಡಿಸೆಂಬರಿನಲ್ಲಿ ೩ಡಿಎಫ್‌ಎಕ್ಸ್ ತನ್ನ ಆಸ್ತಿಯನ್ನು ಎನ್‌ವಿಡಿಯಾ ಕಂಪನಿಗೆ ಮಾರಲೊಪ್ಪಿತು. ೨೦೦೪ರಲ್ಲಿ ಎನ್‌ವಿಡಿಯಾ ಅದೇ ಎಸ್‌ಎಲ್‌ಐ ಅಕ್ಷರಗಳಿಗೆ ಸ್ಕೇಲಬಲ್ ಲಿಂಕ್ ಇಂಟರ್‌ಫೇಸ್ ಎಂಬ ಬೇರೊಂದು ವಿಸ್ತಾರವನ್ನು ಕೊಟ್ಟು ಜೋಡಿ ಕಾರ್ಡುಗಳನ್ನು ಮತ್ತೆ ಪೇಟೆಗೆ ತಂದಿತು. ಮರುವರ್ಷ ಎಟಿಐ ಕಂಪನಿಯ ಕ್ರಾಸ್‌ಫೈರ್ ಬಂದಿತು. ಹೆಸರು ಹಳೆಯದಾದರೂ ಹಂಚುವ ರೀತಿ ಬದಲಾಗಿತ್ತು. ಈಗ ಒಂದು ಫ್ರೇಮಿನ ಗೆರೆಗಳನ್ನು ಹಂಚುತ್ತಿರಲಿಲ್ಲ. ಬಹುಮಟ್ಟಿಗೆ ಇಡೀ ಫ್ರೇಮುಗಳನ್ನೇ ಸರದಿಯಂತೆ ಹಂಚುತ್ತಿದ್ದರು. ಮೊದಲನೆಯ, ಮೂರನೆಯ, ಐದನೆಯ ಫ್ರೇಮುಗಳು ಒಂದಕ್ಕೆ; ಎರಡನೆಯ, ನಾಲ್ಕನೆಯ, ಆರನೆಯವು ಇನ್ನೊಂದಕ್ಕೆ.

ಒಂದು ನಿಜವಾದ ಜೋಡಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಎನ್‌ವಿಡಿಯಾದ ಜಿಟಿಎಕ್ಸ್ ೯೭೦ ೨೦೧೪ರ ಸೆಪ್ಟೆಂಬರಿನಲ್ಲಿಯೂ ಜಿಟಿಎಕ್ಸ್ ೧೦೭೦ ೨೦೧೬ರ ಜೂನಿನಲ್ಲಿಯೂ ಹೊರಬಂದವು. ೯೭೦ರಲ್ಲಿ ೧೬೬೪ ಗಣಕಘಟಕಗಳಿವೆ, ೧೦೭೦ರಲ್ಲಿ ೧೯೨೦. ಹಾಗಾದರೆ ಎರಡು ೯೭೦ಗಳಲ್ಲಿ ೩೩೨೮! ಹೊಸದರ ಘಟಕಗಳು ಹೆಚ್ಚು ವೇಗವಾಗಿ ದುಡಿಯುತ್ತವೆಂಬುದನ್ನು ಲೆಕ್ಕಕ್ಕೆ ಹಿಡಿದರೂ ಸೆಕೆಂಡಿಗೆ ಮಾಡಬಲ್ಲ ಗಣಿತಕ್ರಿಯೆಗಳು ಹಳೆಯದೊಂದಕ್ಕೆ ಸುಮಾರು ೩.೯ ಲಕ್ಷ ಕೋಟಿ, ಜೋಡಿಗೆ ೭.೮ ಲಕ್ಷ ಕೋಟಿ; ಹೊಸದಕ್ಕೆ ೬.೫ ಲಕ್ಷ ಕೋಟಿ ಮಾತ್ರ. ಕಾಗದದ ಮೇಲೆ ಹಳೆಯ ಜೋಡಿಯೇ ಗೆದ್ದಿತು. ತಕ್ಕ ಹೊಂದಿಕೆ ದೊರೆತ ಕೆಲವು ಆಟಗಳಲ್ಲಿ ಅದು ನಿಜವಾಗಿಯೂ ಗೆದ್ದುದುಂಟು. ಆದರೆ ಈ ಕೂಡಿಸುವ ಲೆಕ್ಕದಲ್ಲಿ ಕೂಡದೆ ಉಳಿಯತಕ್ಕ ಕೆಲವು ಬಾಬುಗಳಿವೆ.

ಮೊದಲನೆಯದು ಮೆಮೊರಿ. ಪ್ರತಿಯೊಂದು ೯೭೦ರಲ್ಲಿ ೪ ಗಿಗಾಬೈಟ್ ಮೆಮೊರಿ ಇದೆ. ಅದರಲ್ಲಿಯೂ ಪೂರ್ಣ ವೇಗದ ಭಾಗ ೩.೫ ಗಿಗಾಬೈಟ್ ಮಾತ್ರ. ಎರಡು ಕೂಡಿದರೆ ೮ ಎಂದು ಭಾವಿಸಬಾರದು. ಗೋಡೆ, ಮರ, ಮುಖ ಇವುಗಳ ಮೇಲ್ಮೈಚಿತ್ರಗಳು ಪ್ರತಿ ಫ್ರೇಮಿನಲ್ಲಿಯೂ ಬೇಕಾಗುವುದರಿಂದ ಎರಡು ಕಾರ್ಡುಗಳೂ ಅವುಗಳ ಪೂರ್ಣ ಪ್ರತಿಯನ್ನು ಇಟ್ಟುಕೊಳ್ಳಬೇಕು. ಒಬ್ಬ ವಿದ್ಯಾರ್ಥಿಯ ಪಠ್ಯಪುಸ್ತಕವನ್ನೇ ಇನ್ನೊಬ್ಬನೂ ಕೊಂಡರೆ ಮನೆಯಲ್ಲಿ ಪುಸ್ತಕಗಳು ಎರಡಾಗುತ್ತವೆ, ಪಾಠಗಳು ಎರಡಾಗುವುದಿಲ್ಲ. ಒಂದು ಕಾರ್ಡು ಇನ್ನೊಂದರ ಮೆಮೊರಿಯನ್ನು ಎರವಲು ಪಡೆಯಬಾರದೇಕೆಂದು ಕೇಳಬಹುದು. ದಾರಿ ಕಿರಿದು. ಕಾರ್ಡು ತನ್ನದೇ ಮೆಮೊರಿಯಿಂದ ಸೆಕೆಂಡಿಗೆ ಸುಮಾರು ೨೦೦ ಗಿಗಾಬೈಟ್ ಓದಬಲ್ಲುದು. ಎರಡು ಕಾರ್ಡುಗಳ ನಡುವಣ ಪಿಸಿಐ ಎಕ್ಸ್‌ಪ್ರೆಸ್ ಹಾದಿಯಲ್ಲಿ, ೩ನೆಯ ಪೀಳಿಗೆಯಲ್ಲಿ, ಒಂದು ದಿಕ್ಕಿಗೆ ಹರಿಯುವುದು ಹೆಚ್ಚೆಂದರೆ ೧೬ ಗಿಗಾಬೈಟ್. ೧೦೭೦ರಲ್ಲಾದರೋ ೮ ಗಿಗಾಬೈಟ್ ಒಂದೆಡೆಯೇ ಇದೆ.

ಎರಡನೆಯದು ತಾಳ. ನಮ್ಮ ಹಳ್ಳಿಗಳಲ್ಲಿ ಇಬ್ಬರು ಹೆಂಗಸರು ಒಂದೇ ಒರಳಿನಲ್ಲಿ ಭತ್ತ ಕುಟ್ಟುತ್ತಿದ್ದುದನ್ನು ಹಿರಿಯರು ಬಲ್ಲರು. ಒಬ್ಬಳ ಒನಕೆ ಇಳಿಯುವಾಗ ಇನ್ನೊಬ್ಬಳದು ಏರಬೇಕು. ಏಟುಗಳ ನಡುವಣ ಅಂತರ ಒಂದೇ ಸಮನಾಗಿರಬೇಕು. ಸರದಿಯ ಫ್ರೇಮುಗಳ ಪಾಡೂ ಇದೇ. ಒಂದು ಕಾರ್ಡು ಒಂದು ಫ್ರೇಮಿಗೆ ೩೨ ಮಿಲಿಸೆಕೆಂಡು ತೆಗೆದುಕೊಳ್ಳುವುದೆನ್ನಿ. ಎರಡನೆಯದು ಸರಿಯಾಗಿ ೧೬ ಮಿಲಿಸೆಕೆಂಡು ತಡೆದು ಹೊರಟರೆ ಪ್ರತಿ ೧೬ಕ್ಕೆ ಒಂದು ಫ್ರೇಮು ಬರುತ್ತದೆ. ಕೇವಲ ೪ ಮಿಲಿಸೆಕೆಂಡು ತಡೆದು ಹೊರಟರೆ? ಆಗ ಅಂತರಗಳು ೪, ೨೮, ೪, ೨೮ ಎಂದಾಗುತ್ತವೆ. ಸೆಕೆಂಡಿನಲ್ಲಿ ಎಣಿಸಿದರೆ ಎರಡು ಸಂದರ್ಭಗಳಲ್ಲಿಯೂ ಫ್ರೇಮುಗಳು ೬೨. ಆದರೆ ಎರಡನೆಯದರಲ್ಲಿ ಒಂದರ ಬೆನ್ನಿಗೆ ಅಂಟಿ ಬಂದ ಇನ್ನೊಂದು ಫ್ರೇಮು ಕಣ್ಣಿಗೆ ಬಹಳ ಉಪಯೋಗಕ್ಕೆ ಬಾರದು, ದೃಶ್ಯ ತೊದಲಿದಂತೆ ಕಾಣುತ್ತದೆ. ಇದನ್ನು ಸೂಕ್ಷ್ಮ ತೊದಲು ಎನ್ನಬಹುದು. ಜಾಹೀರಾತಿನವರು ಹೇಳುವುದು ೬೨ ಎಂಬ ಸರಾಸರಿಯನ್ನು. ಸರಾಸರಿಯೆಂಬುದು ಎಷ್ಟನ್ನು ಮುಚ್ಚಿಡಬಲ್ಲುದೆಂಬುದಕ್ಕೆ ಗಣಿತದ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು. ಮುಂದೆ ಕಂಪನಿಗಳು ಫ್ರೇಮುಗಳನ್ನು ಬೇಕೆಂದೇ ತಡೆದು ಸಮನಾದ ಅಂತರದಲ್ಲಿ ಬಿಡುವ ಏರ್ಪಾಡು ಮಾಡಿದವು; ತೊದಲು ಕಡಿಮೆಯಾಯಿತು, ಇಲ್ಲವಾಗಲಿಲ್ಲ.

ತಾಳ ಸರಿಹೋದರೂ ವಿಳಂಬ ತಪ್ಪದು. ಮೈಸೂರಿನಿಂದ ಬೆಂಗಳೂರಿಗೆ ಗಂಟೆಗೊಂದರ ಬದಲು ಅರ್ಧ ಗಂಟೆಗೊಂದು ಬಸ್ಸು ಬಿಟ್ಟರೆ ಕಾಯುವುದು ಕಡಿಮೆಯಾದೀತು. ಹತ್ತಿ ಕುಳಿತವನ ಪ್ರಯಾಣ ಒಂದು ನಿಮಿಷವೂ ಕಿರಿದಾಗದು. ಮೇಲಿನ ಉದಾಹರಣೆಯಲ್ಲಿ ಪ್ರತಿಯೊಂದು ಫ್ರೇಮಿನ ರಚನೆಗೂ ಈಗಲೂ ೩೨ ಮಿಲಿಸೆಕೆಂಡೇ ಬೇಕು. ಗುಂಡಿಯೊತ್ತಿದವನಿಗೆ ಅದರ ಫಲ ಕಾಣಲು ಅಷ್ಟು ಹೊತ್ತು ಹಿಡಿಯುತ್ತದೆ. ಒಂದೇ ಬಲವಾದ ಕಾರ್ಡು ಫ್ರೇಮನ್ನು ೧೬ ಮಿಲಿಸೆಕೆಂಡಿನಲ್ಲಿ ಮುಗಿಸುವುದಕ್ಕೂ, ಎರಡು ಕಾರ್ಡುಗಳು ೧೬ಕ್ಕೊಂದರಂತೆ ಹೊರಡಿಸುವುದಕ್ಕೂ ಹೀಗೆ ಬಹಳ ವ್ಯತ್ಯಾಸವಿದೆ.

ಇವೆಲ್ಲವನ್ನೂ ಸಹಿಸಿಕೊಂಡವರನ್ನೂ ಕೊನೆಗೆ ಸೋಲಿಸಿದ್ದು ಬೇರೊಂದು ಬೆಳವಣಿಗೆ. ವೂಡೂ ೨ರ ಕಾಲದಲ್ಲಿ ಫ್ರೇಮುಗಳು ಒಂದಕ್ಕೊಂದು ಅಪರಿಚಿತವಾಗಿದ್ದುವೆಂದು ಹೇಳಿದೆವಷ್ಟೆ. ಇಂದಿನ ಆಟಗಳಲ್ಲಿ ಹಾಗಿಲ್ಲ. ವಸ್ತುಗಳ ಅಂಚು ಮೆಟ್ಟಿಲುಮೆಟ್ಟಿಲಾಗಿ ಕಾಣದಂತೆ ನಯಗೊಳಿಸಲು ಹಿಂದಿನ ಫ್ರೇಮಿನ ಬಣ್ಣಗಳನ್ನು ಈಗಿನದರೊಡನೆ ಬೆರೆಸುತ್ತಾರೆ. ಬೆಳಕು, ನೆರಳು, ಪ್ರತಿಬಿಂಬಗಳಿಗೂ ಹಿಂದಿನ ಫಲವನ್ನೇ ಆಶ್ರಯಿಸುವುದುಂಟು. ಎರಡನೆಯ ಫ್ರೇಮಿಗೆ ಮೊದಲನೆಯದು ಬೇಕು. ಮೊದಲನೆಯದು ಪಕ್ಕದ ಕಾರ್ಡಿನಲ್ಲಿದೆ. ಅದನ್ನು ಸಾಗಿಸುವ ಕಾಲವೇನೂ ಹೆಚ್ಚಲ್ಲ. ಬಿಂದುವಿಗೆ ೪ ಬೈಟಿನಂತೆ ಒಂದು ಚಿತ್ರ ೮.೩ ಮೆಗಾಬೈಟ್, ಮೇಲೆ ಹೇಳಿದ ಹಾದಿಯಲ್ಲಿ ಅರ್ಧ ಮಿಲಿಸೆಕೆಂಡಿನಲ್ಲಿ ಹೋದೀತು. ತೊಡಕಿರುವುದು ಕಾಯುವುದರಲ್ಲಿ. ಮೊದಲನೆಯ ಕಾರ್ಡು ಮುಗಿಸುವವರೆಗೆ ಎರಡನೆಯದು ತನ್ನ ಕೆಲಸದ ಆ ಭಾಗವನ್ನು ಆರಂಭಿಸುವಂತಿಲ್ಲ. ಕಾಯುತ್ತ ನಿಂತ ಆಳಿಗೂ ಕೂಲಿ ತೆರಬೇಕಾದಂತಾಯಿತು.

ಹಾಗಾದರೆ ವೂಡೂ ೨ರಂತೆ ಒಂದೇ ಫ್ರೇಮನ್ನು ಸೀಳಿ ಕೊಡಬಾರದೆ? ಅದನ್ನೂ ಪ್ರಯತ್ನಿಸಿದ್ದಾರೆ. ಮೇಲರ್ಧದಲ್ಲಿ ಬರಿಯ ಆಕಾಶ, ಕೆಳಗಿನರ್ಧದಲ್ಲಿ ಊರು, ಜನ, ನೆರಳು, ಪಾಲು ಸಮವಾಗದು. ಎಲ್ಲಿ ಸೀಳಬೇಕೆಂಬುದನ್ನು ಫ್ರೇಮಿನಿಂದ ಫ್ರೇಮಿಗೆ ಅಂದಾಜು ಮಾಡುತ್ತಿರಬೇಕು. ಅಲ್ಲದೆ ವಸ್ತುಗಳ ಆಕಾರವನ್ನು ಲೆಕ್ಕಹಾಕುವುದೇ ಮೊದಲಾದ ಕೆಲಸಗಳನ್ನು ಎರಡು ಕಾರ್ಡುಗಳೂ ಪುನಃ ಮಾಡಬೇಕಾಗುತ್ತದೆ; ವೂಡೂ ೨ರ ದಿನಗಳಲ್ಲಿ ಇದರ ಬಹುಭಾಗ ಕಂಪ್ಯೂಟರಿನ ಮುಖ್ಯ ಸಂಸ್ಕಾರಕದ ಪಾಲಿಗಿತ್ತು. ಒಂದು ಫ್ರೇಮಿನ ೨೦ ಮಿಲಿಸೆಕೆಂಡಿನಲ್ಲಿ ಹಂಚಬಹುದಾದುದು ೧೪, ಹಂಚಲಾಗದುದು ೬ ಎಂದಿಟ್ಟುಕೊಂಡರೆ ಎರಡು ಕಾರ್ಡುಗಳಿಂದ ಆಗುವ ಕಾಲ ೭ + ೬ = ೧೩. ವೇಗ ಎರಡರಷ್ಟಾಗದೆ ಒಂದೂವರೆಯಷ್ಟಾಯಿತು. ೧೯೬೭ರಲ್ಲಿ ಜೀನ್ ಅಮ್ಡಾಲ್ ಎಂಬ ಕಂಪ್ಯೂಟರ್ ಶಿಲ್ಪಿ ಎತ್ತಿ ತೋರಿಸಿದ ಮಾತು ಇದೇ: ಹಂಚಲಾಗದ ಪಾಲೇ ಕೊನೆಗೆ ಎಲ್ಲೆಯನ್ನು ಗೊತ್ತುಮಾಡುತ್ತದೆ.

ಇಷ್ಟು ತೊಡಕಿನ ಹೊಂದಿಕೆಯನ್ನು ಪ್ರತಿ ಆಟಕ್ಕೂ ಬೇರೆ ಬೇರೆಯಾಗಿ ಮಾಡಬೇಕಾಗಿತ್ತು. ಬಹುಕಾಲ ಕಾರ್ಡಿನ ಕಂಪನಿಗಳೇ ಅದನ್ನು ಮಾಡಿದವು. ೨೦೧೫ರ ಡೈರೆಕ್ಟ್‌ಎಕ್ಸ್ ೧೨ರೊಂದಿಗೆ ಆ ಹೊಣೆ ಬಹುಮಟ್ಟಿಗೆ ಆಟ ಬರೆಯುವವರ ಹೆಗಲಿಗೆ ಬಂದಿತು. ಜೋಡಿ ಕಾರ್ಡು ಉಳ್ಳವರು ಕೆಲವರೇ ಆದುದರಿಂದ ಹೆಚ್ಚಿನವರು ಆ ಗೊಡವೆಗೆ ಹೋಗಲಿಲ್ಲ. ೨೦೨೧ರ ಜನವರಿ ೧ರಿಂದ ಹಳೆಯ ಕಾರ್ಡುಗಳಿಗೆ ಹೊಸ ಎಸ್‌ಎಲ್‌ಐ ಹೊಂದಿಕೆಗಳನ್ನು ಸೇರಿಸುವುದಿಲ್ಲವೆಂದು ಎನ್‌ವಿಡಿಯಾ ಸಾರಿತು. ೨೦೨೨ರಲ್ಲಿ ಬಂದ ಆರ್‌ಟಿಎಕ್ಸ್ ೪೦೯೦ರಲ್ಲಿ ಜೋಡಣೆಯ ಕೊಂಡಿಯೇ ಇಲ್ಲ. ಹೊಂದಿಕೆಯಿಲ್ಲದ ಆಟದಲ್ಲಿ ಎರಡನೆಯ ಕಾರ್ಡು ಸುಮ್ಮನೆ ಕುಳಿತಿರುತ್ತದೆ.

ವಿದ್ಯುತ್ತಿನ ಮಾತೂ ಇದೆ. ಪೂರ್ಣ ದುಡಿಮೆಯಲ್ಲಿ ೯೭೦ಕ್ಕೆ ೧೪೫ ವಾಟ್, ಜೋಡಿಗೆ ೨೯೦, ೧೦೭೦ಕ್ಕೆ ೧೫೦. ದಿನಕ್ಕೆ ೨ ಗಂಟೆ ಆಡಿದರೆ ವರ್ಷಕ್ಕೆ ಸುಮಾರು ೧೦೦ ಯೂನಿಟ್ಟುಗಳ ಅಂತರ. ಆ ವಾಟ್‌ಗಳೆಲ್ಲ ಶಾಖವಾಗಿ ಪೆಟ್ಟಿಗೆಯೊಳಗೇ ಸೇರುತ್ತವೆ; ಮೇಲಿನ ಕಾರ್ಡು ಕೆಳಗಿನದರ ಬಿಸಿಗಾಳಿಯನ್ನು ಉಸಿರಾಡುತ್ತದೆ. ಇನ್ನೂ ದೊಡ್ಡ ವಿದ್ಯುತ್ ಪೂರೈಕೆಯ ಪೆಟ್ಟಿಗೆಯನ್ನು ಕೊಳ್ಳಬೇಕಾಗಿ ಬಂದರೆ ಅಗ್ಗದ ಕಾರ್ಡಿನ ಅಗ್ಗತನ ಅಲ್ಲಿಗೇ ಮುಗಿಯಿತು. ಆದುದರಿಂದ ಆಟಕ್ಕಾಗಿ ಕೇಳುವವರಿಗೆ ನಾವು ಹೇಳುವುದು ಇಷ್ಟು: ಇರುವ ಕಾರ್ಡನ್ನು ಮಾರಿ, ಎರಡನೆಯದಕ್ಕೆಂದು ಇಟ್ಟ ಹಣವನ್ನು ಅದಕ್ಕೆ ಸೇರಿಸಿ, ಬಳಸಿದ್ದೇ ಆದರೂ ಸರಿಯೆ, ಮುಂದಿನ ಪೀಳಿಗೆಯ ಒಂದು ಕಾರ್ಡನ್ನು ಕೊಳ್ಳಿ.

ಆಟವಲ್ಲದೆ ಬ್ಲೆಂಡರಿನಂತಹ ತಂತ್ರಾಂಶದಲ್ಲಿ ಚಿತ್ರ ರಚಿಸುವವರಿಗೆ ಈ ತೀರ್ಪು ಅನ್ವಯಿಸದು. ಅಲ್ಲಿ ಚಿತ್ರವನ್ನು ತುಂಡುತುಂಡಾಗಿ ಹಂಚಬಹುದು, ಒಂದು ತುಂಡು ಇನ್ನೊಂದಕ್ಕಾಗಿ ಕಾಯಬೇಕಾಗಿಲ್ಲ, ಮಿಲಿಸೆಕೆಂಡುಗಳ ತಾಳವೂ ಬೇಡ. ಎರಡು ಕಾರ್ಡುಗಳಿದ್ದರೆ ಕೆಲಸ ಹೆಚ್ಚುಕಡಿಮೆ ಅರ್ಧ ಕಾಲದಲ್ಲಿ ಮುಗಿಯುತ್ತದೆ. ಮೆಮೊರಿ ಮಾತ್ರ ಅಲ್ಲಿಯೂ ಸಾಮಾನ್ಯವಾಗಿ ಕೂಡುವುದಿಲ್ಲ. ೬ ಗಿಗಾಬೈಟಿನ ದೃಶ್ಯವೊಂದು ೪ ಗಿಗಾಬೈಟಿನ ಎರಡು ಕಾರ್ಡುಗಳಲ್ಲಿ ಯಾವುದರಲ್ಲಿಯೂ ಹಿಡಿಸದು.