ಟರ್ಪ್ಸಿಕೊರೆ: ಯವನರ ನೃತ್ಯಾಧಿದೇವತೆ

ಯವನ ಪುರಾಣದಲ್ಲಿ ವಿದ್ಯೆ ಹಾಗೂ ಕಲೆಗಳಿಗೆ ಅಧಿದೇವತೆಯರಾದವರು ಒಂಬತ್ತು ಮಂದಿ ಸೋದರಿಯರು. ಇವರಿಗೆ ಮ್ಯೂಸ್‌ಗಳೆಂದು ಹೆಸರು. ದೇವರಾಜನಾದ ಜ್ಯೂಸ್ ತಂದೆ. ಸ್ಮೃತಿದೇವತೆಯಾದ ನೆಮೊಸಿನೆ ತಾಯಿ. ಕಲೆಗಳೆಲ್ಲ ಸ್ಮೃತಿಯ ಗರ್ಭದಲ್ಲಿ ಹುಟ್ಟಿದವೆಂಬ ಈ ಕಲ್ಪನೆಯನ್ನು, ವಿದ್ಯೆಯನ್ನು ಕಂಠಸ್ಥವಾಗಿ ಉಳಿಸಿಕೊಂಡು ಬಂದ ದೇಶದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹೆಸಿಯಡ್ ಕವಿಯು ದೇವತೆಗಳ ವಂಶಾವಳಿಯನ್ನು ಹೇಳುವ 'ಥಿಯೊಗೊನಿ' ಕಾವ್ಯದಲ್ಲಿ ಒಂಬತ್ತು ಹೆಸರುಗಳನ್ನೂ ಕೊಟ್ಟಿದ್ದಾನೆ. ಯಾರಿಗೆ ಯಾವ ಕಲೆಯೆಂಬ ವಿಭಾಗವನ್ನು ಮಾತ್ರ ಮಾಡಿಲ್ಲ. ಆ ಹಂಚಿಕೆ ಬಹುಕಾಲದ ಅನಂತರದ್ದು. ನೃತ್ಯವು ಟರ್ಪ್ಸಿಕೊರೆಯ ಪಾಲಿಗೆ ಬಂದುದಕ್ಕೆ ಆಕೆಯ ಹೆಸರೇ ಕಾರಣವಾಗಿರಬೇಕು. ಅದರ ಪೂರ್ವಪದಕ್ಕೆ ಆನಂದಗೊಳ್ಳುವುದು ಎಂದರ್ಥ. ಉತ್ತರಪದವು 'ಖೊರೊಸ್', ಅಂದರೆ ಹಾಡುತ್ತ ಕುಣಿಯುವ ಮೇಳ.

ಶಿಲ್ಪಿಗಳು ಈಕೆಯನ್ನು ಲೈರ್ ಎಂಬ ತಂತಿವಾದ್ಯದೊಡನೆ, ಎಷ್ಟೋ ಸಲ ಕುಳಿತ ಭಂಗಿಯಲ್ಲಿಯೇ ತೋರಿಸಿದ್ದಾರೆ. ನೃತ್ಯದೇವತೆ ಕುಣಿಯದೆ ಕುಳಿತಿರುವುದೇಕೆಂದು ಶಂಕೆ ಹುಟ್ಟುವುದು ಸಹಜ. ಯವನರಲ್ಲಿ ಗೀತ, ವಾದ್ಯ, ನೃತ್ಯಗಳು ಬೇರೆಬೇರೆಯಾಗಿ ನಿಂತಿರಲಿಲ್ಲ. ಮೂರೂ ಖೊರೊಸಿನಲ್ಲಿ ಕೂಡಿದ್ದವು. ಶಾರ್ಙ್ಗದೇವನು 'ಸಂಗೀತರತ್ನಾಕರ'ದಲ್ಲಿ ಈ ಮೂರನ್ನೂ ಸೇರಿಸಿಯೇ ಸಂಗೀತವೆಂದಿರುವುದನ್ನು ಬಲ್ಲವರಿಗೆ ಇದು ಹೊಸತೆನಿಸದು. ಇಂದು ವಾದ್ಯವೃಂದಕ್ಕೆ ಸಲ್ಲುವ 'ಆರ್ಕೆಸ್ಟ್ರಾ' ಎಂಬ ಮಾತೂ ಮೊದಲು ರಂಗಸ್ಥಳದಲ್ಲಿ ಮೇಳವು ಕುಣಿಯುತ್ತಿದ್ದ ನೆಲದ ಹೆಸರು.

ಪ್ಲೇಟೋ 'ನಿಯಮಗಳು' ಎಂಬ ಸಂವಾದದ ಎರಡನೆಯ ಭಾಗದಲ್ಲಿ ಖೊರೊಸ್ ಶಬ್ದವನ್ನು ಸಂತೋಷಾರ್ಥಕವಾದ 'ಖರಾ' ಶಬ್ದದಿಂದ ಸಾಧಿಸುತ್ತಾನೆ. ಭಾಷಾಶಾಸ್ತ್ರಜ್ಞರು ಇದನ್ನು ಒಪ್ಪರು. ಯಾಸ್ಕನ ಕೆಲವು ನಿರ್ವಚನಗಳಂತೆ ಇದೂ ಅರ್ಥವನ್ನೇ ನೆಚ್ಚಿದ ವ್ಯುತ್ಪತ್ತಿ. ಆದರೆ ಅದರ ಬೆನ್ನಿಗೇ ಬರುವ ಮಾತು ಗಟ್ಟಿಯಾದುದು: ಖೊರೊಸಿನಲ್ಲಿ ಪಳಗದವನು ಅಶಿಕ್ಷಿತನು. ಪಳಗುವುದೆಂದರೆ ಹೆಜ್ಜೆ ತಪ್ಪದಿರುವುದಷ್ಟೇ ಎಂದು ಆತನು ತಿಳಿದಿಲ್ಲ. ಚೆನ್ನಾಗಿ ಹಾಡಿ ಕುಣಿದೂ ಒಳ್ಳೆಯದರಲ್ಲಿ ಸಂತೋಷಪಡದವನಿಗಿಂತ, ಸ್ವರ ಹೆಜ್ಜೆಗಳಲ್ಲಿ ತಪ್ಪಿದರೂ ಒಳ್ಳೆಯದನ್ನು ಮೆಚ್ಚಿ ಕೆಟ್ಟುದಕ್ಕೆ ಹೇಸುವವನೇ ಹೆಚ್ಚು ಶಿಕ್ಷಿತನೆಂಬುದು ಅಲ್ಲಿಯ ನಿರ್ಣಯ. ಅಂಕಗಳಿಂದ ವಿದ್ಯೆಯನ್ನು ಅಳೆಯುವವರಿಗೆ ಇದು ರುಚಿಸಲಿಕ್ಕಿಲ್ಲ.

ಮುಂದಿನ ಶತಮಾನಗಳಲ್ಲಿ ಈ ದೇವತೆಯ ಹೆಸರು ಹಲವೆಡೆ ಸಂಚರಿಸಿತು. ಹೆರೊಡೋಟಸನ ಇತಿಹಾಸದ ಐದನೆಯ ಸಂಪುಟಕ್ಕೆ ಅದನ್ನಿಟ್ಟರು. ಜರ್ಮನಿಯ ಮೈಕೆಲ್ ಪ್ರಿಟೋರಿಯಸ್ 1612ರಲ್ಲಿ ಪ್ರಕಟಿಸಿದ, ಮುನ್ನೂರಕ್ಕೂ ಮಿಕ್ಕ ನೃತ್ಯಸಂಗೀತ ರಚನೆಗಳ ಸಂಕಲನಕ್ಕೂ ಅದೇ ಹೆಸರು. 1864ರಲ್ಲಿ ಕಂಡುಹಿಡಿದ ಒಂದು ಕ್ಷುದ್ರಗ್ರಹಕ್ಕೂ ಅದೇ ಸಂದಿತು.

ಖೊರೊಸ್ ಸಾಗುತ್ತಿದ್ದ ಬಗೆಯನ್ನು ತಿಳಿಯಲು ಅಥೆನ್ಸ್ ನಗರವನ್ನೇ ನೋಡಬೇಕು. ಅಲ್ಲಿಯ ಡಯೊನೈಸಸ್ ಉತ್ಸವದಲ್ಲಿ ಹತ್ತು ಗಣಗಳೂ ಐವತ್ತು ಮಂದಿ ಪುರುಷರ ಒಂದು ಮೇಳವನ್ನೂ ಐವತ್ತು ಮಂದಿ ಬಾಲಕರ ಒಂದು ಮೇಳವನ್ನೂ ಸ್ಪರ್ಧೆಗೆ ಕಳುಹಿಸುತ್ತಿದ್ದವು. ಒಟ್ಟು ಸಾವಿರ ಜನ. ಪ್ರತಿಯೊಂದು ಮೇಳದ ಶಿಕ್ಷಣ, ಉಡುಗೆಗಳ ವೆಚ್ಚವನ್ನು ಒಬ್ಬ ಸ್ಥಿತಿವಂತ ನಾಗರಿಕನು ಹೊರಬೇಕಾಗಿತ್ತು. ಆತನಿಗೆ 'ಖೊರೆಗೊಸ್' ಎಂದು ಹೆಸರು. ಗೆದ್ದವನಿಗೆ ದೊರೆಯುತ್ತಿದ್ದುದು ಕಂಚಿನ ಒಂದು ತ್ರಿಪಾದಿ. ಅದನ್ನು ನಿಲ್ಲಿಸಲು ಆತನು ಮತ್ತೆ ತನ್ನ ಹಣವನ್ನೇ ಹಾಕುತ್ತಿದ್ದನು. ಲೈಸಿಕ್ರಟಿಸ್ ಎಂಬವನು ಕ್ರಿ.ಪೂ. 335-34ರ ಗೆಲುವಿಗಾಗಿ ಹೀಗೆ ಕಟ್ಟಿಸಿದ ದುಂಡನೆಯ ಸ್ಮಾರಕವು ಅಕ್ರೊಪೊಲಿಸ್ ಗುಡ್ಡದ ಬಳಿ ಈಗಲೂ ನಿಂತಿದೆ. ಬಾಲಕರ ಮೇಳ ಗೆದ್ದಿತೆಂದು ಅದರ ಶಾಸನ ಹೇಳುತ್ತದೆ. ವೆಚ್ಚ ಹೊತ್ತವನ ಹೆಸರಿದೆ, ಕೊಳಲೂದಿದ ಥಿಯೊನ್‌ನ ಹೆಸರಿದೆ, ಬಾಲಕರಿಗೆ ಕಲಿಸಿದ ಗುರು ಲೈಸಿಯಡಿಸನ ಹೆಸರೂ ಇದೆ. ಹಾಡಿ ಕುಣಿದ ಐವತ್ತು ಬಾಲಕರ ಹೆಸರುಗಳು ಅಲ್ಲಿಲ್ಲ.