ನಿಮ್ಮ ತಾಲ್ಲೂಕಿನ ಆರೋಗ್ಯ ವರದಿಯನ್ನು ಓದುವುದು ಹೇಗೆ?

ಪ್ರತಿ ವರ್ಷ ಮಾರ್ಚ್ 31 ಬಂತೆಂದರೆ ಸರ್ಕಾರಿ ಕಚೇರಿಗಳಲ್ಲಿ ಹಳೆಯ ಲೆಕ್ಕ ಮುಗಿದು ಹೊಸ ಗುರಿ ಶುರುವಾಗುತ್ತದೆ. ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲೂ ಅಷ್ಟೆ. ಎಷ್ಟು ಹೆರಿಗೆ ಆಯಿತು, ಎಷ್ಟು ಮಕ್ಕಳಿಗೆ ಲಸಿಕೆ ಹಾಕಲಾಯಿತು, ಎಷ್ಟು ಮಂದಿಯ ಕಫ ಪರೀಕ್ಷೆ ನಡೆಯಿತು, ಎಷ್ಟು ಮಾತ್ರೆ ಹಂಚಲಾಯಿತು ಎಂಬುದೆಲ್ಲ ಒಂದು ವರದಿಯಾಗಿ ಜಿಲ್ಲೆಗೆ ಹೋಗುತ್ತದೆ. ಅದರ ಸಾರಾಂಶ ಕೆಲವೊಮ್ಮೆ ಪತ್ರಿಕೆಯಲ್ಲಿ ಮೂರು ಸಾಲಿನ ಸುದ್ದಿಯಾಗಿ ಬರುತ್ತದೆ: 'ಶೇ. 98ರಷ್ಟು ಗುರಿ ಸಾಧನೆ'. ನಾವು ಅದನ್ನು ಓದಿ ಪುಟ ತಿರುವುತ್ತೇವೆ.

ಈ ಅಂಕಿಗಳಲ್ಲಿ ನಿಮ್ಮ ಮನೆಯ ಸೊಸೆ ಇದ್ದಾಳೆ, ಮೊಮ್ಮಗು ಇದೆ, ಕೆಮ್ಮುತ್ತಿರುವ ನೆರೆಮನೆಯ ಅಜ್ಜ ಇದ್ದಾರೆ. ಆದುದರಿಂದ ಅವುಗಳನ್ನು ಓದುವ ಕ್ರಮ ಎಲ್ಲರಿಗೂ ತಿಳಿದಿರಬೇಕು. ಈ ವಾರ ಅದನ್ನೇ ನೋಡೋಣ.

ಡಬ್ಬಿಯಲ್ಲಿ ಉಳಿದ ಮಾತ್ರೆ

ಕೆಲವು ವರ್ಷಗಳ ಹಿಂದೆ ಎಂಟು ತಿಂಗಳ ಗರ್ಭಿಣಿಯೊಬ್ಬರನ್ನು ಅವರ ಅತ್ತೆ ನನ್ನ ಬಳಿ ಕರೆತಂದರು. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಕಾಲಲ್ಲಿ ಬಾವು, ಮುಖ ಬಿಳಿಚಿತ್ತು. ಹಿಮೋಗ್ಲೋಬಿನ್ 5.8 ಗ್ರಾಂ ಇತ್ತು. ಗರ್ಭಿಣಿಯಲ್ಲಿ ಅದು 11ಕ್ಕಿಂತ ಕಡಿಮೆ ಇರಬಾರದು. 7ಕ್ಕಿಂತ ಕಡಿಮೆಯಾದರೆ ತೀವ್ರ ರಕ್ತಹೀನತೆ. ತಾಯಿ ಕಾರ್ಡನ್ನು ನೋಡಿದೆ. ಪ್ರತಿ ತಿಂಗಳೂ ಕಬ್ಬಿಣಾಂಶದ ಮಾತ್ರೆ ಕೊಟ್ಟ ಗುರುತು ಇತ್ತು.

'ಮಾತ್ರೆ ನುಂಗಿದೆಯಾ ಅಮ್ಮಾ?' ಎಂದು ಕೇಳಿದೆ. ಆಕೆ ತಲೆ ತಗ್ಗಿಸಿದಳು. ಅತ್ತೆಯೇ ಹೇಳಿದರು: 'ಮಲ ಕಪ್ಪಗೆ ಹೋಗ್ತದೆ ಅಂತ ಹೆದರಿಕೊಂಡಳು ಡಾಕ್ಟ್ರೇ. ಎಲ್ಲ ಡಬ್ಬಿಯಲ್ಲೇ ಇದೆ.'

ಜಿಲ್ಲಾ ಆಸ್ಪತ್ರೆಗೆ ಕಳುಹಿಸಿ ರಕ್ತ ಕೊಡಿಸಿದ ಮೇಲೆ ತಾಯಿ ಮಗು ಇಬ್ಬರೂ ಉಳಿದರು. ಆದರೆ ಆ ವರ್ಷದ ವರದಿಯಲ್ಲಿ ಈ ಹೆಣ್ಣುಮಗಳು ಯಾವ ಸಾಲಿನಲ್ಲಿದ್ದಾಳೆ? 'ಕಬ್ಬಿಣಾಂಶದ ಮಾತ್ರೆ ಪಡೆದ ಗರ್ಭಿಣಿಯರು' ಎಂಬ ಸಾಲಿನಲ್ಲಿ, ಸಾಧನೆಯ ಲೆಕ್ಕದಲ್ಲಿ! ಇದರಲ್ಲಿ ಯಾರೂ ಸುಳ್ಳು ಬರೆದಿಲ್ಲ. ಮಾತ್ರೆ ಕೊಟ್ಟಿದ್ದು ನಿಜ. ಅದು ಹೊಟ್ಟೆಗೆ ಹೋಯಿತೇ ಎಂಬುದನ್ನು ಮಾತ್ರ ಯಾರೂ ಎಣಿಸಲಿಲ್ಲ.

ವರದಿ ಓದುವಾಗ ಮೊದಲು ನೆನಪಿಡಬೇಕಾದ್ದು ಇದೇ. ಕೆಲವು ಅಂಕಿಗಳು ಮಾಡಿದ ಕೆಲಸವನ್ನು ಹೇಳುತ್ತವೆ. ಕೆಲವು ಅಂಕಿಗಳು ಅದರಿಂದ ಬಂದ ಫಲವನ್ನು ಹೇಳುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ ಇರುವವರು 2015-16ರಲ್ಲಿ ಶೇ. 44.8 ಇದ್ದರು, 2019-21ರ ಸಮೀಕ್ಷೆಯಲ್ಲಿ ಅದು ಶೇ. 47.8 ಆಯಿತು. ಇಷ್ಟು ವರ್ಷ ಮಾತ್ರೆ ಹಂಚಿಯೂ ಇಳಿಯಬೇಕಾದ ಅಂಕಿ ಏರಿದೆ. ಮಾತ್ರೆ ಹಂಚುವುದರ ಜೊತೆಗೆ ಬೇರೇನೋ ಆಗಬೇಕಿದೆ ಎಂದು ಇದರಿಂದ ಗೊತ್ತಾಗುತ್ತದೆ.

(ಮಲ ಕಪ್ಪಾಗುವುದು ಅಪಾಯವಲ್ಲ, ದೇಹಕ್ಕೆ ಹೀರಿಕೆಯಾಗದೆ ಉಳಿದ ಕಬ್ಬಿಣದ ಬಣ್ಣ ಅದು. ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ನುಂಗಬೇಡಿ. ನಿಂಬೆ ಪಾನಕದ ಜೊತೆ ನುಂಗಿದರೆ ಚೆನ್ನಾಗಿ ಹೀರಿಕೆಯಾಗುತ್ತದೆ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ತೆಗೆದುಕೊಳ್ಳಿ. ಗರ್ಭಿಣಿಯಾಗಿರುವಾಗ ಕನಿಷ್ಠ 180 ದಿನ, ಬಾಣಂತನದಲ್ಲಿ ಮತ್ತೆ 180 ದಿನ ದಿನಕ್ಕೊಂದು ಮಾತ್ರೆ ಬೇಕು.)

ತಾಯಿಯ ಸಾವು, ಮಗುವಿನ ಸಾವು

ವರದಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಎರಡು ಸಾಲುಗಳಿವೆ. ಒಂದು, ತಾಯಂದಿರ ಮರಣ ಪ್ರಮಾಣ. ಅಂದರೆ ಜೀವಂತ ಜನಿಸಿದ ಪ್ರತಿ ಒಂದು ಲಕ್ಷ ಮಕ್ಕಳಿಗೆ, ಬಸಿರು, ಹೆರಿಗೆ ಅಥವಾ ನಂತರದ 42 ದಿನಗಳೊಳಗೆ ಅದೇ ಕಾರಣದಿಂದ ತೀರಿಕೊಂಡ ತಾಯಂದಿರ ಸಂಖ್ಯೆ. ಇನ್ನೊಂದು, ಶಿಶು ಮರಣ ಪ್ರಮಾಣ. ಜೀವಂತ ಜನಿಸಿದ ಪ್ರತಿ ಒಂದು ಸಾವಿರ ಮಕ್ಕಳಲ್ಲಿ ಒಂದು ವರ್ಷ ತುಂಬುವ ಮೊದಲೇ ತೀರಿಕೊಂಡವರ ಸಂಖ್ಯೆ.

ಈ ಎರಡರಲ್ಲೂ ನಮ್ಮ ರಾಜ್ಯ ಮುಂದೆ ಬಂದಿದೆ. ಮಾದರಿ ನೋಂದಣಿ ವ್ಯವಸ್ಥೆಯ ಲೆಕ್ಕದಂತೆ ಕರ್ನಾಟಕದಲ್ಲಿ ತಾಯಂದಿರ ಮರಣ ಪ್ರಮಾಣ 2001-03ರಲ್ಲಿ 228 ಇದ್ದುದು 2018-20ರಲ್ಲಿ 69ಕ್ಕೆ ಇಳಿಯಿತು. ಶಿಶು ಮರಣ 2010ರಲ್ಲಿ 38 ಇದ್ದುದು 2020ರಲ್ಲಿ 19ಕ್ಕೆ, ಅಂದರೆ ಹತ್ತೇ ವರ್ಷದಲ್ಲಿ ಅರ್ಧಕ್ಕೆ ಇಳಿಯಿತು. ಆಸ್ಪತ್ರೆಯಲ್ಲಿ ಹೆರಿಗೆಯಾಗುವವರು 2019-21ರ ಸಮೀಕ್ಷೆಯಲ್ಲಿ ಶೇ. 97. ಮನೆ ಮನೆಗೆ ತಿರುಗಿದ ನರ್ಸಮ್ಮಂದಿರು, ಆಶಾ ಕಾರ್ಯಕರ್ತೆಯರು, ರಾತ್ರಿ ಹಗಲೆನ್ನದೆ ಓಡಿದ 108 ವಾಹನಗಳು, ಇವರೆಲ್ಲರ ಶ್ರಮ ಇದರ ಹಿಂದೆ ಇದೆ.

ಆದರೆ ಅದೇ 2018-20ರಲ್ಲಿ ಕೇರಳದ ತಾಯಂದಿರ ಮರಣ ಪ್ರಮಾಣ 19, ತಮಿಳುನಾಡಿನದು 54. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಂಭವಿಸಿದ ಬಾಣಂತಿಯರ ಸಾವುಗಳು ಇಡೀ ರಾಜ್ಯವನ್ನು ಕಲಕಿದವು. ಹೆರಿಗೆ ಆಸ್ಪತ್ರೆಯಲ್ಲಿ ಆಯಿತು ಎಂದ ಮಾತ್ರಕ್ಕೆ ತಾಯಿ ಕ್ಷೇಮ ಎನ್ನುವಂತಿಲ್ಲ. ಆ ಆಸ್ಪತ್ರೆಯಲ್ಲಿ ರಕ್ತ, ಅರಿವಳಿಕೆ ತಜ್ಞರು, ಒಳ್ಳೆಯ ಗುಣಮಟ್ಟದ ಔಷಧಿ, ಹೆರಿಗೆಯ ನಂತರ ಕಣ್ಣಿಟ್ಟು ನೋಡುವವರು, ಎಲ್ಲವೂ ಇರಬೇಕು.

ಸಣ್ಣ ಊರಿಗೆ ಸಣ್ಣ ಅಂಕಿ

ಇಲ್ಲಿ ಒಂದು ಲೆಕ್ಕ ಮಾಡೋಣ. ಎರಡು ಲಕ್ಷ ಜನರಿರುವ ಒಂದು ತಾಲ್ಲೂಕು ಎಂದುಕೊಳ್ಳಿ. ಸಾವಿರ ಜನರಿಗೆ ವರ್ಷಕ್ಕೆ 16 ಹೆರಿಗೆಯಂತೆ ಅಲ್ಲಿ 3,200 ಮಕ್ಕಳು ಹುಟ್ಟುತ್ತವೆ. ಲಕ್ಷಕ್ಕೆ 69ರ ಪ್ರಮಾಣದಲ್ಲಿ ಆ ತಾಲ್ಲೂಕಿನಲ್ಲಿ ವರ್ಷಕ್ಕೆ ಸುಮಾರು ಇಬ್ಬರು ತಾಯಂದಿರು ಸಾಯುತ್ತಾರೆ. ಒಂದು ವರ್ಷ ಒಬ್ಬರು, ಮರುವರ್ಷ ಮೂವರು ಆಗಬಹುದು. ಹಾಗೆಂದು ಮೊದಲ ವರ್ಷ ಅಧಿಕಾರಿಗೆ ಹಾರ ಹಾಕುವುದೂ ಸರಿಯಲ್ಲ, ಮರುವರ್ಷ ಮೂರು ಪಟ್ಟು ಹೆಚ್ಚಾಯಿತೆಂದು ಬೈಯುವುದೂ ಸರಿಯಲ್ಲ. ಇಷ್ಟು ಸಣ್ಣ ಸಂಖ್ಯೆಯಲ್ಲಿ ಶೇಕಡಾವಾರು ಲೆಕ್ಕ ದಾರಿ ತಪ್ಪಿಸುತ್ತದೆ. ಐದು ವರ್ಷದ ಅಂಕಿಯನ್ನು ಒಟ್ಟಿಗೆ ನೋಡಬೇಕು.

ಅದಕ್ಕಿಂತ ಮುಖ್ಯವಾಗಿ, ಒಂದೊಂದು ಸಾವಿನ ಕಥೆಯನ್ನೂ ಕೇಳಬೇಕು. ತೊಂದರೆಯನ್ನು ಮನೆಯವರು ಗುರುತಿಸುವುದು ತಡವಾಯಿತೇ? ವಾಹನ ಸಿಗುವುದು ತಡವಾಯಿತೇ? ಆಸ್ಪತ್ರೆ ಮುಟ್ಟಿದ ಮೇಲೆ ಚಿಕಿತ್ಸೆ ತಡವಾಯಿತೇ? ತಾಯಂದಿರ ಮರಣದ ಪರಿಶೀಲನೆ ನಡೆಸಲೇಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ. ಎಷ್ಟು ಸಾವುಗಳ ಪರಿಶೀಲನೆ ಆಯಿತು, ಅದರಿಂದ ಯಾವ ತಪ್ಪನ್ನು ತಿದ್ದಲಾಯಿತು ಎಂಬುದು ವರದಿಯಲ್ಲಿ ಇರಬೇಕಾದ ಸಾಲು.

ಉಳಿದ ಹದಿನಾರು ಮಕ್ಕಳು

ಎಲ್ಲ ಲಸಿಕೆಗಳನ್ನೂ ಪಡೆದ 12ರಿಂದ 23 ತಿಂಗಳ ಮಕ್ಕಳು ಕರ್ನಾಟಕದಲ್ಲಿ 2015-16ರಲ್ಲಿ ಶೇ. 62.6 ಇದ್ದರು, 2019-21ರಲ್ಲಿ ಶೇ. 84.1. ದೊಡ್ಡ ಜಿಗಿತವೇ ಸರಿ. ಆದರೆ ಉಳಿದ 16 ಮಕ್ಕಳು ಎಲ್ಲಿದ್ದಾರೆ?

ಮೂವತ್ತು ಸಾವಿರ ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿ ವರ್ಷಕ್ಕೆ ಸುಮಾರು 480 ಮಕ್ಕಳು ಹುಟ್ಟಿದರೆ, ನೂರಕ್ಕೆ 16ರಂತೆ 75ಕ್ಕೂ ಹೆಚ್ಚು ಮಕ್ಕಳಿಗೆ ಲಸಿಕೆ ಪೂರ್ತಿಯಾಗಿಲ್ಲ. ಐದು ವರ್ಷ ಹೀಗೇ ಬಿಟ್ಟರೆ ಅವರ ಸಂಖ್ಯೆ 350 ದಾಟುತ್ತದೆ. ದಡಾರ ಹರಡಲು ಇಷ್ಟು ಸಾಕು. ಆ ರೋಗವನ್ನು ತಡೆಯಲು ನೂರಕ್ಕೆ 95 ಮಕ್ಕಳಿಗಾದರೂ ಎರಡೂ ಡೋಸ್ ಆಗಿರಬೇಕು: ಮೊದಲನೆಯದು 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳೊಳಗೆ.

ಬಿಟ್ಟುಹೋದ ಮಕ್ಕಳು ಎಲ್ಲ ಕಡೆ ಸಮನಾಗಿ ಹಂಚಿಹೋಗಿರುವುದಿಲ್ಲ. ಕಟ್ಟಡ ಕೆಲಸಕ್ಕೆ ಬಂದವರ ಶೆಡ್ಡುಗಳಲ್ಲಿ, ಇಟ್ಟಿಗೆ ಗೂಡುಗಳ ಬಳಿ, ಕಬ್ಬು ಕಡಿಯಲು ಬಂದವರ ಬಿಡಾರಗಳಲ್ಲಿ, ದೂರದ ತಾಂಡಾ ಮತ್ತು ಹಾಡಿಗಳಲ್ಲಿ ಗುಂಪಾಗಿ ಇರುತ್ತಾರೆ. ಆದುದರಿಂದ ತಾಲ್ಲೂಕಿನ ಸರಾಸರಿಯನ್ನು ಕೇಳಿ ಸುಮ್ಮನಾಗಬೇಡಿ. 'ಯಾವ ಊರಿನಲ್ಲಿ ಕಡಿಮೆ ಇದೆ?' ಎಂದು ಕೇಳಿ.

ಏರಿದರೆ ಒಳ್ಳೆಯದಾದ ಅಂಕಿ

ಕೆಲವು ಅಂಕಿಗಳು ಏರಿದಾಗ ಹೆದರಬೇಕಾಗಿಲ್ಲ. ಕ್ಷಯ ಇದಕ್ಕೆ ಉದಾಹರಣೆ. ಈ ವರ್ಷ ಹೆಚ್ಚು ರೋಗಿಗಳು ಪತ್ತೆಯಾದರು ಎಂದರೆ ರೋಗವೇ ಹೆಚ್ಚಾಯಿತು ಎಂದಲ್ಲ. ಅಡಗಿದ್ದವರನ್ನು ಹುಡುಕಿ ತೆಗೆದರು ಎಂದೂ ಇರಬಹುದು. ಪತ್ತೆಯಾಗದ ರೋಗಿ ಊರಲ್ಲೇ ಇದ್ದು ರೋಗ ಹಂಚುತ್ತಿರುತ್ತಾನೆ. ಆದುದರಿಂದ ಮೂರು ಅಂಕಿಗಳನ್ನು ಒಟ್ಟಿಗೆ ಕೇಳಬೇಕು. ಎಷ್ಟು ಮಂದಿಯನ್ನು ಪರೀಕ್ಷಿಸಿದರು? ಎಷ್ಟು ಮಂದಿಗೆ ರೋಗ ಇತ್ತು? ಅವರಲ್ಲಿ ಎಷ್ಟು ಮಂದಿ ಚಿಕಿತ್ಸೆ ಮುಗಿಸಿ ಗುಣವಾದರು?

2015ರಿಂದ 2025ರೊಳಗೆ ಹೊಸ ಕ್ಷಯ ಪ್ರಕರಣಗಳನ್ನು ಶೇ. 80ರಷ್ಟು ಇಳಿಸುವ ಗುರಿಯನ್ನು ದೇಶ ಇಟ್ಟುಕೊಂಡಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಲಕ್ಷಕ್ಕೆ 237 ಇದ್ದುದು 2024ರಲ್ಲಿ 187ಕ್ಕೆ ಬಂತು, ಅಂದರೆ ಶೇ. 21ರಷ್ಟು ಇಳಿಕೆ. ಗುರಿ ಮುಟ್ಟಲಿಲ್ಲ. ಹಾಗೆಂದು ಕೆಲಸ ವ್ಯರ್ಥವಾಯಿತೆಂದಲ್ಲ. ದಾರಿ ಇನ್ನೂ ಉದ್ದವಿದೆ ಅಷ್ಟೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದವರು ಕಫ ಪರೀಕ್ಷೆ ಮಾಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಎರಡು ತಿಂಗಳಲ್ಲಿ ಹಾಯೆನಿಸಿತೆಂದು ನಿಲ್ಲಿಸಬಾರದು.

ಸಕ್ಕರೆ ಕಾಯಿಲೆ, ರಕ್ತದ ಒತ್ತಡದ ವಿಷಯದಲ್ಲೂ ಇದೇ ಮಾತು. 30 ವರ್ಷ ದಾಟಿದ ಇಷ್ಟು ಸಾವಿರ ಮಂದಿಯ ತಪಾಸಣೆ ಆಯಿತು ಎಂಬುದು ಅರ್ಧ ಸುದ್ದಿ. ಅವರಲ್ಲಿ ಎಷ್ಟು ಮಂದಿಯ ಒತ್ತಡ ಈಗ 140/90ಕ್ಕಿಂತ ಕೆಳಗಿದೆ ಎಂಬುದು ಪೂರ್ತಿ ಸುದ್ದಿ. ಪಾರ್ಶ್ವವಾಯು ತಪ್ಪುವುದು ಅದರಿಂದಲೇ ಹೊರತು ತಪಾಸಣೆಯೊಂದರಿಂದಲೇ ಅಲ್ಲ.

ಹೊಗೆಯೂ ನೀರಿನ ತೊಟ್ಟಿಯೂ

2024ರಲ್ಲಿ ಡೆಂಗಿ ಜ್ವರ ರಾಜ್ಯದಲ್ಲಿ ಎಷ್ಟು ಹರಡಿತೆಂದರೆ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು. ಜ್ವರ ಹೆಚ್ಚಾದಾಗ ಜನ ಕೇಳುವುದು 'ಹೊಗೆ ಯಾಕೆ ಹೊಡೆಸಿಲ್ಲ?' ಎಂದು. ಹೊಗೆಯಿಂದ ಸಾಯುವುದು ಆ ಹೊತ್ತಿಗೆ ಹಾರಾಡುತ್ತಿರುವ ಸೊಳ್ಳೆ ಮಾತ್ರ. ತೊಟ್ಟಿಯ ನೀರಿನಲ್ಲಿರುವ ಮರಿಗಳಿಗೆ ಏನೂ ಆಗುವುದಿಲ್ಲ; ಕೆಲವೇ ದಿನಗಳಲ್ಲಿ ಹೊಸ ಸೊಳ್ಳೆಗಳು ಏಳುತ್ತವೆ. ಕೇಳಬೇಕಾದ ಅಂಕಿ ಬೇರೆ: ನೂರು ಮನೆ ನೋಡಿದರೆ ಎಷ್ಟು ಮನೆಗಳಲ್ಲಿ ಮರಿಹುಳು ಸಿಕ್ಕವು? ಮಳೆಗಾಲಕ್ಕೆ ಮೊದಲೇ ಈ ಸಮೀಕ್ಷೆ ಆಯಿತೇ? ಇದರಲ್ಲಿ ಇಲಾಖೆಯಷ್ಟೇ ಪಾಲು ನಮ್ಮದೂ ಇದೆ. ವಾರಕ್ಕೊಮ್ಮೆ ತೊಟ್ಟಿ, ಡ್ರಮ್ಮುಗಳನ್ನು ಖಾಲಿ ಮಾಡಿ ಒಳಗಿನ ಗೋಡೆಯನ್ನು ಉಜ್ಜಿ ತೊಳೆಯಬೇಕು. ಗೋಡೆಗೆ ಅಂಟಿದ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿಯುತ್ತದೆ.

ಗುರಿ ಎಂದರೆ ಹೇಗಿರಬೇಕು?

'ಮುಂದಿನ ಸಾಲಿನಲ್ಲಿ ಆರೋಗ್ಯ ಸೇವೆಯನ್ನು ಬಲಪಡಿಸಲಾಗುವುದು' ಎಂಬ ವಾಕ್ಯ ಗುರಿಯಲ್ಲ, ಆಶಯ. ಗುರಿಗೆ ಒಂದು ಸಂಖ್ಯೆ, ಒಂದು ಸ್ಥಳ, ಒಂದು ದಿನಾಂಕ ಮತ್ತು ಜವಾಬ್ದಾರಿ ಹೊತ್ತ ಒಬ್ಬ ವ್ಯಕ್ತಿ ಇರಬೇಕು. 'ಡಿಸೆಂಬರ್ ಒಳಗೆ ಈ ಮೂರು ತಾಂಡಾಗಳ ಎಲ್ಲ ಮಕ್ಕಳಿಗೂ ದಡಾರದ ಎರಡನೇ ಡೋಸ್, ಇಂಥ ಉಪಕೇಂದ್ರದ ನರ್ಸಮ್ಮನ ಹೊಣೆ' ಎಂದರೆ ಅದು ಗುರಿ. ಆ ಉಪಕೇಂದ್ರದ ಹುದ್ದೆ ಖಾಲಿ ಇದ್ದರೆ ಅದನ್ನು ಮೊದಲು ತುಂಬಬೇಕು.

ಇಂಥ ಗುರಿಗಳು ಈಡೇರುವುದಿಲ್ಲ ಎನ್ನಬೇಡಿ. ಉತ್ತರ ಕರ್ನಾಟಕದ ಹಿರಿಯರಿಗೆ ನಾರುಹುಣ್ಣು ನೆನಪಿರಬಹುದು. ಕಾಲಿನಿಂದ ಉದ್ದನೆಯ ಹುಳು ಹೊರಬರುವ ಆ ರೋಗಕ್ಕೆ ಲಸಿಕೆಯೂ ಇರಲಿಲ್ಲ, ಔಷಧಿಯೂ ಇರಲಿಲ್ಲ. ಮೆಟ್ಟಿಲ ಬಾವಿಗೆ ಇಳಿಯುವುದನ್ನು ತಪ್ಪಿಸಿ, ಕೊಳವೆ ಬಾವಿ ಕೊರೆಸಿ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದ್ದರಿಂದಲೇ ಅದು ಹೋಯಿತು. ದೇಶದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ. 2000ದಲ್ಲಿ ಭಾರತ ಅದರಿಂದ ಮುಕ್ತವೆಂದು ಘೋಷಣೆಯಾಯಿತು. ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಎರಡೂ ಕೆಲಸಗಳಲ್ಲಿ ಊರೂರಿಗೆ ಪಟ್ಟಿ ಇತ್ತು, ಮನೆ ಮನೆಗೆ ಲೆಕ್ಕ ಇತ್ತು, ಜನರ ಸಹಕಾರವೂ ಇತ್ತು.

ನೀವು ಮಾಡಬಹುದಾದ್ದು

ಮುಂದಿನ ಗ್ರಾಮಸಭೆಗೆ ಅಥವಾ ವಾರ್ಡ್ ಸಭೆಗೆ ಮನೆಯಿಂದ ಒಬ್ಬರಾದರೂ ಹೋಗಿ. ವೈದ್ಯಾಧಿಕಾರಿಗಳನ್ನಾಗಲಿ ಆಶಾ ಕಾರ್ಯಕರ್ತೆಯನ್ನಾಗಲಿ ಗದರಿಸದೆ, ಸಾವಧಾನವಾಗಿ ಈ ಐದು ಪ್ರಶ್ನೆಗಳನ್ನು ಕೇಳಿ:

1. ಕಳೆದ ವರ್ಷ ನಮ್ಮ ಊರಲ್ಲಿ ತಾಯಿ ಅಥವಾ ಹಸುಗೂಸು ತೀರಿಕೊಂಡಿದ್ದರೆ, ಕಾರಣ ಏನೆಂದು ಪರಿಶೀಲನೆ ಆಯಿತೇ?

2. ಲಸಿಕೆ ಬಿಟ್ಟುಹೋದ ಮಕ್ಕಳ ಪಟ್ಟಿ ಇದೆಯೇ? ಅವರು ಯಾವ ಕೇರಿಯಲ್ಲಿದ್ದಾರೆ?

3. ಗರ್ಭಿಣಿಯರಲ್ಲಿ ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ ಇದ್ದವರು ಎಷ್ಟು? ಅವರೆಲ್ಲರಿಗೂ ಚಿಕಿತ್ಸೆ ಸಿಕ್ಕಿತೇ?

4. ಚಿಕಿತ್ಸೆಯನ್ನು ಮಧ್ಯದಲ್ಲಿ ಬಿಟ್ಟ ಕ್ಷಯ ರೋಗಿಗಳಿದ್ದಾರೆಯೇ?

5. ನಮ್ಮ ಆರೋಗ್ಯ ಕೇಂದ್ರದಲ್ಲಿ ಯಾವ ಹುದ್ದೆಗಳು, ಎಷ್ಟು ದಿನದಿಂದ ಖಾಲಿ ಇವೆ?

ರೋಗಿಗಳ ಹೆಸರು ಹೇಳಿರೆಂದು ಒತ್ತಾಯಿಸಬೇಡಿ, ಅದು ಗುಟ್ಟಾಗಿರಬೇಕು. ಸಂಖ್ಯೆ ಸಾಕು. ಉತ್ತರ ಸಿಗದಿದ್ದರೆ ಬರವಣಿಗೆಯಲ್ಲಿ ಕೇಳಿ. ಮಾಹಿತಿ ಹಕ್ಕು ಕಾಯಿದೆ 2005ರಿಂದಲೇ ಇದೆ. ಸಭೆಯಿಂದ ಮನೆಗೆ ಬಂದ ಮೇಲೆ ಇನ್ನೊಂದು ಕೆಲಸ ಮಾಡಿ. ಮನೆಯಲ್ಲಿ ಗರ್ಭಿಣಿ ಇದ್ದರೆ ಆಕೆಯ ಮಾತ್ರೆ ಡಬ್ಬಿಯನ್ನು ತೆರೆದು ಎಣಿಸಿ ನೋಡಿ.